ರಿವಾಲ್ವರ್ ಎಲ್ಲಿ ಮಲಗುತ್ತೆ?

ನನ್ನಿಂದ ಆಗುವುದಿಲ್ಲ ಅಂತ ಮೊದಲು ಹೇಳಿದವನು ನಮ್ಮ ವಾಸು ಮಾವ. ಅಮ್ಮನ ತಮ್ಮ, ಮೂಡಿಗೆರೆಯಿಂದ ಕಳಸಕ್ಕೆ ಬಾಡಿಗೆ ಜೀಪು ಓಡಿಸುತ್ತಿದ್ದ. ಯಾರ ಮದುವೆ ಮುರಿಯುತ್ತೆ, ಯಾವ ಮೋರಿ ಕುಸಿಯುತ್ತೆ, ಯಾರ ಮಗ ಪಿಯುಸಿಯಲ್ಲಿ ಡುಮ್ಕಿ ಹೊಡೆಯುತ್ತಾನೆ ಅನ್ನುವುದನ್ನೆಲ್ಲ ಸ್ಟೇರಿಂಗ್ ಹಿಡಿದುಕೊಂಡೇ ಹೇಳಿಬಿಡುವ ಮನುಷ್ಯ. ನಾನು ಎಸ್ಸೆಸ್ಸೆಲ್ಸಿ ಪಾಸಾದ ದಿನ ಅಪ್ಪನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ಮುಂದೆ ಇಂಜಿನಿಯರಿಂಗ್ ಓದುತ್ತೇನೆ ಅಂತ ನಾನು ಅಂದಿದ್ದು ಅವನ ಕಿವಿಗೆ ಬಿತ್ತು. ಅಪ್ಪನ ಕೈಯಲ್ಲಿದ್ದ ಪೆನ್ಸಿಲ್ ತೋರಿಸಿ ಹೇಳಿದ:

"ಭಾವ, ಈ ಪೆನ್ಸಿಲ್ ಹಾರಿ ಆ ಹಂಚಿನ ಕೆಳಗಿನ ರೀಪಿಗೆ ತಾಗಿದ ದಿನ ನಿಮ್ಮ ಮಗಳು ಇಂಜಿನಿಯರ್ ಆಗ್ತಾಳೆ. ಬೇಕಾದ್ರೆ ನೋಡ್ತಿರಿ."

ಪೆನ್ಸಿಲ್ ಯಾಕೆ ಹಾರಬೇಕು ಅನ್ನುವುದನ್ನು ಹೇಳದಿದ್ದರೆ ಮಾವನ ಮಾತಿನ ಚುಚ್ಚು ನಿಮಗೆ ತಿಳಿಯುವುದಿಲ್ಲ. ನಮ್ಮಪ್ಪ ಶ್ರೀಪತಿ ಆಚಾರ್ ಅವರದು ಮೂಡಿಗೆರೆಯಲ್ಲಿ ಕೋವಿ ರಿಪೇರಿ ಅಂಗಡಿ. ರಿವಾಲ್ವರ್ ಬಂದರೆ ಅಪ್ಪ ಮೊದಲು ಅದರ ಗುಂಡನ್ನೆಲ್ಲ ತೆಗೆದು, ಖಾಲಿಯಾಗಿದೆ ಅಂತ ಎರಡೆರಡು ಸಲ ನೋಡಿ, ನಳಿಗೆಯನ್ನು ಆಕಾಶಕ್ಕೆ ಮುಖ ಮಾಡಿ ಹಿಡಿಯುತ್ತಿದ್ದರು. ನಳಿಗೆಯೊಳಗೆ ಒಂದು ಪೆನ್ಸಿಲನ್ನು, ರಬ್ಬರ್ ಇರುವ ತುದಿ ಕೆಳಗಾಗುವಂತೆ ಇಳಿಬಿಡುತ್ತಿದ್ದರು. ಆಮೇಲೆ ಟ್ರಿಗರ್ ಎಳೆಯುವುದು. ಹಿಂದುಗಡೆ ಸಣ್ಣ ಸುತ್ತಿಗೆಯಂಥದ್ದು ಇರುತ್ತದಲ್ಲ, ನಮ್ಮ ಕಡೆ ಅದಕ್ಕೆ ಕುದುರೆ ಅನ್ನುತ್ತಾರೆ, ಅದು ಬಂದು ಬಡಿದಾಗ ಪೆನ್ಸಿಲ್ ಮೇಲಕ್ಕೆ ಜಿಗಿಯುತ್ತದೆ. ಚೆನ್ನಾಗಿ ಜಿಗಿದರೆ ಕುದುರೆಯ ಏಟು ಸರಿ ಇದೆ ಅಂತ. ಸುಮ್ಮನೆ ಅಲುಗಾಡಿ ಕೂತರೆ ಒಳಗೆ ಏನೋ ಕಾಯಿಲೆ. ಎಷ್ಟೇ ಗಟ್ಟಿಮುಟ್ಟಾದ ರಿವಾಲ್ವರ್ ಆದರೂ ಪೆನ್ಸಿಲ್ ಮೊಳಕಾಲುದ್ದ ಹಾರಿದರೆ ಹೆಚ್ಚು. ರೀಪು ಇದ್ದಿದ್ದು ಅಪ್ಪ ಬೆಂಚಿನ ಮೇಲೆ ನಿಂತು ಕೈ ಚಾಚಿದರೂ ಎಟುಕದಷ್ಟು ಮೇಲೆ.

ಮೊನ್ನೆ ಮೇಜಿನ ಡ್ರಾಯರ್ ಚೊಕ್ಕ ಮಾಡುತ್ತಿದ್ದಾಗ ಅಂಥದ್ದೊಂದು ಪೆನ್ಸಿಲ್ ಸಿಕ್ಕಿತು. ರಬ್ಬರಿನ ನಡುವೆ ಕುದುರೆಯ ಮೂಗು ಬಡಿದು ಬಡಿದು ಒಂದು ಗುಳಿ. ನಾನು ಹೈಸ್ಕೂಲಿಗೆ ಹೋಗುವಾಗ ಮನೆಯಲ್ಲಿ ಇದ್ದಿದ್ದೇ ಈ ಜಾತಿಯ ಪೆನ್ಸಿಲ್ಲುಗಳು. ಹೊಸದು ಅಂಗಡಿಗೆ, ಗುಳಿ ಬಿದ್ದದ್ದು ನನ್ನ ಕಂಪಾಸ್ ಪೆಟ್ಟಿಗೆಗೆ. ಉಜ್ಜಿದರೆ ಅಳಿಸುವ ಬದಲು ಕಾಗದದ ಮೇಲೆ ಕಪ್ಪಗೆ ಒಂದು ಉಂಗುರ ಬೀಳುತ್ತಿತ್ತು. ಮುಂದೆ ಇಂಜಿನಿಯರಿಂಗ್‌ನಲ್ಲಿ ಡ್ರಾಯಿಂಗ್ ಸಬ್ಜೆಕ್ಟಿನಲ್ಲಿ ನಾನು ಫೇಲಾಗಿ ಮತ್ತೆ ಬರೆದೆ. ಅದಕ್ಕೆ ಈ ರಬ್ಬರ್ ಕಾರಣ ಅಂತ ತುಂಬ ದಿನ ನಂಬಿದ್ದೆ. ಕಾರಣ ಅದಲ್ಲ. ನನಗೆ ಗೆರೆ ನೇರ ಬರುವುದಿಲ್ಲ, ಅಷ್ಟೇ.

ಅಪ್ಪನ ಹತ್ತಿರ ಯಾರೇ ರಿವಾಲ್ವರ್ ತಂದರೂ, ಏನು ತೊಂದರೆ ಅಂತ ಅವರು ಮೊದಲು ಕೇಳುತ್ತಿರಲಿಲ್ಲ.

"ಇದು ಮನೇಲಿ ಎಲ್ಲಿ ಮಲಗುತ್ತೆ ಗೌಡ್ರೇ?" ಅನ್ನುವುದು ಮೊದಲ ಪ್ರಶ್ನೆ. "ಏನು ತಿನ್ನಿಸ್ತೀರಿ?" ಅನ್ನುವುದು ಎರಡನೆಯದು.

ಹೊಸಬರು ಕಕ್ಕಾಬಿಕ್ಕಿಯಾಗುತ್ತಿದ್ದರು. ಹಳಬರಿಗೆ ಗೊತ್ತು. ಬೀರುವಿನಲ್ಲಿ ಬಟ್ಟೆಯ ಅಡಿ ಮಲಗುತ್ತದೋ, ಜೀಪಿನ ಸೀಟಿನ ಕೆಳಗೋ, ಅಟ್ಟದ ಮೇಲೋ ಅನ್ನುವುದು ತಿಳಿದರೆ ಅಪ್ಪನಿಗೆ ಅರ್ಧ ಕಾಯಿಲೆ ತಿಳಿದಂತೆ. ಚರ್ಮದ ಚೀಲದಲ್ಲೇ ವರ್ಷಗಟ್ಟಲೆ ಮಲಗಿದ್ದಕ್ಕೆ ಮೈಮೇಲೆ ಹಸಿರು ಹಿಡಿದಿರುತ್ತದೆ. ಮಳೆಗಾಲದ ತೇವಕ್ಕೆ ಹೆದರಿ ಅಕ್ಕಿ ಡಬ್ಬದೊಳಗೆ ಮಲಗಿಸಿದವರೊಬ್ಬರು ಇದ್ದರು. ಟ್ರಿಗರ್ ಹಿಂದೆ ಒಂದು ಅಕ್ಕಿಕಾಳು ಸಿಕ್ಕಿಕೊಂಡು, ಎಳೆದರೆ ಅರ್ಧದಲ್ಲೇ ನಿಲ್ಲುತ್ತಿತ್ತು. ಅಪ್ಪ ಚಿಮ್ಮಟದಲ್ಲಿ ಆ ಕಾಳನ್ನು ತೆಗೆದು ಅವರ ಅಂಗೈಗೆ ಹಾಕಿ, "ಬೆಂದಿಲ್ಲ ಇನ್ನೂ" ಅಂದಿದ್ದರು. ಚುನಾವಣೆ ಬಂತೆಂದರೆ ಲೈಸೆನ್ಸ್ ಇರುವವರೆಲ್ಲ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಚುನಾವಣೆ ಮುಗಿದು ವಾಪಸ್ ಬಂದಾಗ ನಳಿಗೆಗಳಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿರುತ್ತಿತ್ತು. ಒಬ್ಬರಂತೂ ಗೋಡೆಗೆ ಮೊಳೆ ಹೊಡೆಯಲು ರಿವಾಲ್ವರಿನ ಹಿಡಿಯನ್ನೇ ಬಳಸಿ, "ಸಿಲಿಂಡರ್ ಯಾಕೋ ಲಡಲಡ ಅಂತಿದೆ ಆಚಾರ್ರೇ" ಅಂತ ತಂದಿದ್ದರು. "ಫೋಟೋ ನೇರ ಕೂತಿದೆಯಾ ಗೌಡ್ರೇ?" ಅಂತ ಕೇಳಿದರು ಅಪ್ಪ. ಹಿಡಿಯಲ್ಲಿದ್ದ ಸುಣ್ಣ ಅವರ ಕಣ್ಣಿಗೆ ಬಿದ್ದಿತ್ತು.

ನಮ್ಮ ಸೀಮೆಯಲ್ಲಿ ಉದ್ದ ಕೋವಿ ಮನೆಮನೆಯಲ್ಲೂ ಇರಬಹುದು. ರಿವಾಲ್ವರ್ ಮಾತ್ರ ಎಸ್ಟೇಟಿನವರದು. ಮೊದಲು ಶನಿವಾರ ಬಟವಾಡೆ ಅಂದರೆ ಬ್ಯಾಂಕಿನಿಂದ ಕೂಲಿಯ ದುಡ್ಡನ್ನು ಚೀಲದಲ್ಲಿ ತುಂಬಿಕೊಂಡು ಕಾಡುದಾರಿಯಲ್ಲಿ ಬರಬೇಕಿತ್ತು. ಸೊಂಟದಲ್ಲಿ ರಿವಾಲ್ವರ್ ಇದ್ದರೆ ಧೈರ್ಯ. ಈಗ ಕೂಲಿ ನೇರವಾಗಿ ಖಾತೆಗೆ ಹೋಗುತ್ತದೆ. ರಿವಾಲ್ವರಿಗೆ ಕೆಲಸವಿಲ್ಲ, ಲೈಸೆನ್ಸ್ ಬಿಡಲು ಯಾರಿಗೂ ಮನಸ್ಸಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಜೀಪು, ಕತ್ತಿ, ಕಳೆ ಮಿಷನ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇವುಗಳ ಸಾಲಿನಲ್ಲಿ ಅದೂ ಮಣೆಯ ಮೇಲೆ ಬಂದು ಕೂರುತ್ತದೆ. ಒರೆಸಿ, ಎಣ್ಣೆ ಸವರಿ, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಮಂಗಳಾರತಿ. ಮರುದಿನ ಮತ್ತೆ ಬೀರುವಿಗೆ.

ಈ ಎಣ್ಣೆಯ ಮಾತು ಬಂದರೆ ಅಪ್ಪನಿಗೆ ಸಿಟ್ಟು ಬರುತ್ತಿತ್ತು. "ತಲೆಗೆ ಹಚ್ಚೋ ಎಣ್ಣೆ ತಲೆಗೆ ಹಚ್ಚಿ. ಕೋವಿಗೆ ಹೊಲಿಗೆ ಮಿಷನ್ ಎಣ್ಣೆ, ಅದೂ ಒಂದು ತೊಟ್ಟು" ಅಂತ ಎಲ್ಲರಿಗೂ ಹೇಳುತ್ತಿದ್ದರು. ಎಲ್ಲರೂ ಹೂಂ ಅನ್ನುತ್ತಿದ್ದರು. ಮಣೆಯ ಮೇಲೆ ಇಟ್ಟ ದೇವರ ಸಾಮಾನಿಗೆ ಹೊಲಿಗೆ ಮಿಷನ್ ಎಣ್ಣೆ ಸವರುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ನಾನು ಓದಿದ್ದು ಹೇಗೆ ಅಂತ ಹೇಳಲು ಹೊರಟರೆ ಬೇರೆಯದೇ ಪ್ರಬಂಧವಾಗುತ್ತದೆ. ಅಮ್ಮ ಸೀಸನ್ನಿನಲ್ಲಿ ಕಾಫಿ ಹಣ್ಣು ಕೊಯ್ಯಲು ಹೋದಳು. ಅಪ್ಪ ಅಂಗಡಿಯ ಲೇತ್ ಮಿಷನ್ ಮಾರಿದರು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ಯಾರೂ ಇರಲಿಲ್ಲ. ಅಪ್ಪ ಮಾತ್ರ ಒಮ್ಮೆ ಅಲ್ಲಿನ ಬಾಗಿಲ ಬೀಗ ರಿಪೇರಿಗೆ ಹತ್ತಿದ್ದರು. ಮೆಕ್ಯಾನಿಕಲ್ ಕ್ಲಾಸಿನಲ್ಲಿ ಹುಡುಗಿಯರೆಂದರೆ ನಾವು ಬೆರಳೆಣಿಕೆ. ಲ್ಯಾಬಿನಲ್ಲಿ ಒಂದು ದಿನ ಎಣ್ಣೆ ತುಂಬಿದ ಗಾಜಿನ ಕೊಳವೆಯಲ್ಲಿ ಕಬ್ಬಿಣದ ಗೋಲಿ ಬಿಟ್ಟು, ಅದು ಎಷ್ಟು ನಿಧಾನ ಇಳಿಯುತ್ತದೆ ಅಂತ ತೋರಿಸಿದರು. ಎಣ್ಣೆ ತಣ್ಣಗಾದಷ್ಟೂ ಗೋಲಿ ಸೋಮಾರಿಯಾಗುತ್ತದೆ. ಎಲ್ಲರೂ ಗ್ರಾಫ್ ಬರೆಯುತ್ತಿದ್ದಾಗ ನನಗೆ ನಮ್ಮ ಬಚ್ಚಲ ಕಿಟಕಿಯ ತೆಂಗಿನೆಣ್ಣೆ ಬಾಟಲಿ ನೆನಪಾಗಿ ನಗು ಬಂತು. ಲೆಕ್ಚರರ್ ಎಬ್ಬಿಸಿ ನಿಲ್ಲಿಸಿದರು. ಅವತ್ತು ನಕ್ಕಿದ್ದು ಇವತ್ತಿಗೂ ನೆನಪಿದೆ, ಬೇರೆ ಕಾರಣಕ್ಕೆ.

ಇಂಜಿನಿಯರಿಂಗ್ ಕೊನೆಯ ರಿಸಲ್ಟ್ ಬಂದ ದಿನ ವಾಸು ಮಾವ ಅಂಗಡಿಗೆ ಬಂದ. ಮೂಲೆಯಲ್ಲಿದ್ದ ಏಣಿ ಎಳೆದು, ಹತ್ತಿ, ಪೆನ್ಸಿಲನ್ನು ರೀಪಿಗೆ ಟಕ್ಕನೆ ತಾಗಿಸಿ ಇಳಿದ.

"ತಾಗ್ತಲ್ಲ, ಮುಗೀತು. ಸುಮಿ, ಸ್ವೀಟ್ ಎಲ್ಲಿ?" ಅಂತ ನನ್ನನ್ನು ಕೇಳಿದ.

ನಗುವಿನ ಭಾಗ ಇಲ್ಲಿಗೆ ಮುಗಿಯಿತು ಅಂತ ಇಟ್ಟುಕೊಳ್ಳಿ.

ಈಗ ವಾರವೆಲ್ಲ ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದ ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮಿಷನ್‌ಗಳನ್ನು ನೋಡಿಕೊಳ್ಳುವ ಕೆಲಸ ನನಗೆ. ಭಾನುವಾರ ಅಪ್ಪನ ಅಂಗಡಿ. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಅಂಗಡಿಯ ಲೈಸೆನ್ಸಿಗೆ ನನ್ನ ಹೆಸರೂ ಸೇರಿತು. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಅಪ್ಪ ತಮ್ಮ ಕೈಯಾರೆ ಪೂರ್ತಿ ಬಿಚ್ಚಿ ಜೋಡಿಸಿದ ಕೊನೆಯ ರಿವಾಲ್ವರ್ ಚಂದ್ರಣ್ಣನದು.

ಚಂದ್ರಣ್ಣ ಅಂದರೆ ಕಳಸದ ರಸ್ತೆಯಲ್ಲಿ ನಮ್ಮಿಂದ ಸ್ವಲ್ಪ ದೂರದ ಒಂದು ಎಸ್ಟೇಟಿನ ಹಿರಿಮಗ. ಮದುವೆ ಮಾಡಿಕೊಂಡಿರಲಿಲ್ಲ. ತಾಯಿ ಗಿರಿಜಮ್ಮನವರು, ತಮ್ಮ ಪ್ರಸನ್ನ, ಮೂರು ಜನರ ಮನೆ. ನಾನು ಕಾಲೇಜಿಗೆ ಹೋಗುವಾಗ ಬಸ್ ಸ್ಟಾಪಿನಲ್ಲಿ ಜೀಪು ನಿಲ್ಲಿಸಿ, "ಇಂಜಿನಿಯರ್ ಅಮ್ಮಾವ್ರೇ, ಹತ್ತಿ. ನಮ್ಮ ಪಲ್ಪರ್ ಕೆಟ್ಟಿದೆ, ದಾರೀಲಿ ಪಾಠ ಹೇಳಿ" ಅಂತ ಕೂಗುತ್ತಿದ್ದ ಮನುಷ್ಯ. ತಮಾಷೆಗೆ ಹೇಳುತ್ತಿದ್ದರೂ ಆ ಹೆಸರಿಟ್ಟು ನನ್ನನ್ನು ಮೊದಲು ಕರೆದವರು ಅವರೇ.

ಹೋದ ಡಿಸೆಂಬರಿನಲ್ಲಿ ಒಂದು ಮುಂಜಾನೆ ಅಣ್ಣತಮ್ಮ ಇಬ್ಬರೂ ತೋಟದ ಕೆಳಗಿನ ಬೇಲಿ ನೋಡಲು ಹೋದರು. ಆನೆ ಬಂದು ಹೋಗಿದೆ ಅಂತ ಆಳುಗಳು ಹೇಳಿದ್ದರು. ಅದು ಹೋಗಿರಲಿಲ್ಲ. ಮಂಜಿನಲ್ಲಿ ಸಿಲ್ವರ್ ಓಕ್ ಮರಗಳ ಹಿಂದೆಯೇ ನಿಂತಿತ್ತು. ಚಂದ್ರಣ್ಣ ಮುಂದೆ, ಪ್ರಸನ್ನ ಹಿಂದೆ. ಚಂದ್ರಣ್ಣ ತಮ್ಮನಿಗೆ ಓಡು ಅಂದು, ಹೆದರಿಸಲೆಂದು ರಿವಾಲ್ವರ್ ಎತ್ತಿ ಗಾಳಿಗೆ ಹಿಡಿದರು. ಟ್ರಿಗರ್ ಎಳೆದರು. ಟಿಕ್ ಅಂತು. ಮತ್ತೆ ಎಳೆದರು. ಮತ್ತೆ ಟಿಕ್.

ಅಷ್ಟೇ ಪ್ರಸನ್ನ ಹೇಳಿದ್ದು. ಮುಂದಿನದು ಊರಿಗೆಲ್ಲ ಗೊತ್ತಿತ್ತು.

ಚಂದ್ರಣ್ಣನ ಹನ್ನೊಂದನೆಯ ದಿನದ ಕಾರ್ಯ ಮುಗಿಯುವಷ್ಟರಲ್ಲಿ ಇನ್ನೊಂದು ಮಾತೂ ಊರಿಗೆಲ್ಲ ಗೊತ್ತಾಗಿತ್ತು: ಆಚಾರ್ರ ಕೈ ಸೋತಿದೆ, ಅವರು ಜೋಡಿಸಿದ ರಿವಾಲ್ವರಿನಿಂದ ಗುಂಡು ಹಾರಲಿಲ್ಲ. ಸಂತೆಯ ದಿನ ಪ್ರಸನ್ನ ನಾಲ್ಕು ಜನರ ಮುಂದೆ ಹಾಗಂದಿದ್ದನಂತೆ. ಅವನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಓಡು ಅಂದಾಗ ಓಡಿದವನ ಕಿವಿಯಲ್ಲಿ ಆ ಟಿಕ್ ಶಬ್ದ ಹೇಗೆ ಕೂತಿರಬಹುದು ಅಂತ ಯೋಚಿಸಿದರೆ ಸಿಟ್ಟು ಪೂರ್ತಿ ಬರುತ್ತಿರಲಿಲ್ಲ. ಆದರೆ ರಿಪೇರಿಗೆ ಬಿಟ್ಟಿದ್ದ ಕೋವಿಗಳನ್ನು ಒಬ್ಬೊಬ್ಬರೇ ಏನೋ ನೆಪ ಹೇಳಿ ವಾಪಸ್ ಒಯ್ದರು. ಅಪ್ಪ ಅಂಗಡಿಗೆ ಹೋಗುವುದನ್ನು ಬಿಟ್ಟರು. ಬೆಳಿಗ್ಗೆ ಎದ್ದು ಅಂಗಡಿಯ ಅಂಗಿ ಹಾಕಿಕೊಂಡು, ಗುಂಡಿ ಹಾಕುತ್ತಾ ಹಾಕುತ್ತಾ ನಿಲ್ಲುತ್ತಿದ್ದರು. ಆಮೇಲೆ ಬಿಚ್ಚಿ ಮೊಳೆಗೆ ನೇತುಹಾಕುತ್ತಿದ್ದರು.

ವಾರಸುದಾರರು ಇಟ್ಟುಕೊಳ್ಳಲಿ, ಠಾಣೆಗೆ ಒಪ್ಪಿಸಲಿ, ರಿವಾಲ್ವರಿನ ಸ್ಥಿತಿ ಹೇಗಿದೆ ಅಂತ ಲೈಸೆನ್ಸ್ ಇರುವ ರಿಪೇರಿಯವರಿಂದ ಒಂದು ಸರ್ಟಿಫಿಕೇಟ್ ತರಬೇಕು ಅಂತ ಠಾಣೆಯಲ್ಲಿ ಹೇಳಿದರಂತೆ. ಜನವರಿಯ ಒಂದು ಶನಿವಾರ ಮಧ್ಯಾಹ್ನ ಪ್ರಸನ್ನ ಅದನ್ನು ನಮ್ಮ ಅಂಗಡಿಗೇ ತಂದ. ನಾನು ಅವತ್ತು ರಜೆ ಹಾಕಿ ಬಂದಿದ್ದೆ.

"ಬೇರೆ ಕಡೆ ತಗೊಂಡು ಹೋಗ್ತಿದ್ದೆ. ಅಮ್ಮ ಇಲ್ಲಿಗೇ ಕೊಡು ಅಂದ್ರು" ಅಂದ. ಕಣ್ಣೆತ್ತಿ ನೋಡಲಿಲ್ಲ. "ಇದ್ದದ್ದು ಇದ್ದ ಹಾಗೆ ಬರಿ. ನಿಮ್ಮಪ್ಪ ಅಂತ ಮುಚ್ಚಿಡ್ಬೇಡ."

"ಮುಚ್ಚಿಡಲ್ಲ ಪ್ರಸನ್ನಣ್ಣ" ಅಂದೆ. "ಇದು ಮನೇಲಿ ಎಲ್ಲಿ ಮಲಗ್ತಿತ್ತು?"

ಬಾಯಿಂದ ತಾನಾಗಿ ಬಂತು. ಅವನು ಒಂದು ಕ್ಷಣ ನನ್ನ ಮುಖ ನೋಡಿದ.

"ದೇವರ ಕೋಣೆ ಗೂಡಲ್ಲಿ. ಅವತ್ತು ರಾತ್ರಿ ಮಾತ್ರ ಅಣ್ಣ ಜೀಪಲ್ಲಿ ಬಿಟ್ಟಿದ್ದ. ಬೆಳಿಗ್ಗೆ ಬೇಗ ಹೋಗೋದಿತ್ತಲ್ಲ."

ಜತೆಗೆ ಅವತ್ತು ಹಾರದ ಎರಡು ತೋಟೆಗಳನ್ನೂ, ಅಂದರೆ ಗುಂಡುಗಳನ್ನೂ, ತಂದಿದ್ದ. ಅವುಗಳ ಹಿಂಭಾಗದಲ್ಲಿ, ಕುದುರೆ ಬಡಿಯುವ ಜಾಗದಲ್ಲಿ, ಉಗುರಿನಲ್ಲಿ ಒತ್ತಿದಷ್ಟೇ ಗುರುತು. ಏಟು ಬಿದ್ದಿತ್ತು, ಸಾಕಷ್ಟು ಬಿದ್ದಿರಲಿಲ್ಲ. ಇದು ಕುದುರೆಯನ್ನು ತಳ್ಳುವ ಸ್ಪ್ರಿಂಗ್ ಸೋತಾಗ ಆಗುವಂಥದ್ದು. ಆ ಸ್ಪ್ರಿಂಗ್ ಕೂರಿಸಿದ್ದು ಅಪ್ಪ.

ಪ್ರಸನ್ನ ಹೋದ ಮೇಲೆ ಪೆನ್ಸಿಲ್ ತೆಗೆದುಕೊಂಡೆ. ಖಾಲಿ ಮಾಡಿ, ನೋಡಿ, ಮತ್ತೆ ನೋಡಿ, ನಳಿಗೆ ಮೇಲೆತ್ತಿ ಎಳೆದೆ. ಪೆನ್ಸಿಲ್ ಚಂಗನೆ ಹಾರಿ ಮೇಜಿನ ಆಚೆ ಬಿತ್ತು. ಮತ್ತೆ ಎಳೆದೆ. ಮತ್ತೆ ಹಾರಿತು. ಸಿಲಿಂಡರ್ ಅಲುಗಿಸಿದೆ; ಲಡಲಡ ಇಲ್ಲ. ನಳಿಗೆಗೂ ಸಿಲಿಂಡರಿಗೂ ನಡುವೆ ಕಾಗದದ ಚೂರು ತೂರಿಸಿ ನೋಡಿದೆ, ಸಂದು ಸರಿ. ಕಿವಿಯ ಹತ್ತಿರ ಹಿಡಿದು ನಿಧಾನ ಎಳೆದು, ಗುಂಡು ತುಂಬುವ ಒಂದೊಂದು ಕೋಣೆಯೂ ಬಂದು ಕೂರುವ ಶಬ್ದ ಕೇಳಿದೆ. ಯಾವ ಕಾಯಿಲೆಯೂ ಇಲ್ಲ. ಹೀಗೆ ಆರೋಗ್ಯವಾಗಿರುವ ರಿವಾಲ್ವರ್ ಅವತ್ತು ಯಾಕೆ ಸುಮ್ಮನಾಯಿತು? ಸರಿ ಇದೆ ಅಂತ ಬರೆದುಕೊಟ್ಟರೆ ಪ್ರಸನ್ನ ಸುಳ್ಳು ಹೇಳಿದ ಅಂತಾಗುತ್ತದೆ. ತೋಟೆಯ ಮೇಲಿನ ಗುರುತು ಅವನು ಹೇಳಿದ್ದೇ ನಿಜ ಅನ್ನುತ್ತಿದೆ.

ಹಿಂದುಮುಂದು ಯೋಚಿಸುತ್ತಾ ಬೀಗ ಹಾಕಿ ಮನೆಗೆ ಹೋದೆ. ಮರುದಿನ ಭಾನುವಾರ ಬೆಳಿಗ್ಗೆ ಬೇಗ ಎಚ್ಚರವಾಯಿತು. ಹೊರಗೆ ಮಂಜು. ಮುಖ ತೊಳೆದು ತಲೆಗೆ ಎಣ್ಣೆ ಹಾಕೋಣ ಅಂತ ಬಚ್ಚಲ ಕಿಟಕಿಯ ಬಾಟಲಿ ಬಗ್ಗಿಸಿದರೆ ಒಂದು ಹನಿಯೂ ಬೀಳಲಿಲ್ಲ. ಹೆರಳೆಕಾಯಿ ಸಿಪ್ಪೆಯ ಒಳಮೈಯಂತೆ ಬೆಳ್ಳಗೆ ಗಟ್ಟಿಯಾಗಿತ್ತು. ಅಮ್ಮ ಒಳಗಿಂದ, "ಒಲೆ ಹತ್ರ ಇಡೇ, ಕರಗುತ್ತೆ" ಅಂದಳು.

ಬಾಟಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಆಮೇಲೆ ಚಪ್ಪಲಿ ಮೆಟ್ಟಿ ಅಂಗಡಿಗೆ ಓಡಿದೆ. ಬೀಗ ಐಸಿನಂತಿತ್ತು. ಒಳಗೆ ರಾತ್ರಿಯೆಲ್ಲ ಚಳಿ ಹೀರಿದ್ದ ಕಬ್ಬಿಣದ ಬೀರುವಿನಿಂದ ರಿವಾಲ್ವರ್ ತೆಗೆದು ಪೆನ್ಸಿಲ್ ಹಾಕಿ ಎಳೆದೆ. ಕುದುರೆ ನಿದ್ದೆಗಣ್ಣಿನಲ್ಲಿ ನಡೆದು ಬಂದಂತೆ ಬಂತು. ಪೆನ್ಸಿಲ್ ಒಮ್ಮೆ ಅಲುಗಿ ಹಾಗೇ ಕೂತಿತು.

ಪಕ್ಕದ ಮುಚ್ಚಳದ ತಿರುಪು ಬಿಚ್ಚಿದೆ. ಒಳಗೆ ಕುದುರೆಯ ಬುಡದಲ್ಲಿ, ಸ್ಪ್ರಿಂಗಿನ ಸುತ್ತ, ತುಪ್ಪದಂತೆ ಹೆಪ್ಪುಗಟ್ಟಿದ ತೆಂಗಿನೆಣ್ಣೆ. ಬರೀ ಎಣ್ಣೆಯಲ್ಲ. ಅರಿಶಿನ ಕುಂಕುಮ ಸೇರಿ ಕೇಸರಿ ಬಣ್ಣದ ಮುದ್ದೆ. ಮೂಗಿನ ಹತ್ತಿರ ಹಿಡಿದರೆ ಕೋವಿಯ ವಾಸನೆ ಇಲ್ಲ, ಕರ್ಪೂರದ್ದು. ನಡುವೆ ಅಪ್ಪ ಕೂರಿಸಿದ ಸ್ಪ್ರಿಂಗ್, ಒರೆಸಿದರೆ ಮುಖ ಕಾಣುವಷ್ಟು ಹೊಸದಾಗಿತ್ತು.

ಅಪ್ಪನನ್ನು ಕರೆದುಕೊಂಡು ಬಂದೆ. ಬರಲು ಒಪ್ಪಲಿಲ್ಲ, ಕೈ ಹಿಡಿದು ಎಳೆದೆ. "ನೋಡಿ ಅಪ್ಪ, ನಿಮ್ದೇನೂ ಅಲ್ಲ. ನಿಮ್ಮ ಸ್ಪ್ರಿಂಗ್ ಸರಿಯಾಗಿದೆ!" ಅಂದೆ. ಎಷ್ಟು ಜೋರಾಗಿ ಅಂದೆನೆಂದರೆ ಪಕ್ಕದ ಹೋಟೆಲಿನವರು ಇಣುಕಿದರು.

ಅಪ್ಪ ಬೆರಳ ತುದಿಯಲ್ಲಿ ಮುದ್ದೆ ಮುಟ್ಟಿ ಮೂಸಿದರು. ಸಂತೋಷಪಡುತ್ತಾರೆ ಅಂದುಕೊಂಡಿದ್ದೆ. ಬೆಂಚಿನ ಮೇಲೆ ಕೂತುಬಿಟ್ಟರು.

"ಆ ಮನೇಲಿ ಆಯುಧಪೂಜೆ ಯಾರು ಮಾಡೋದು ಗೊತ್ತಾ?"

"ಯಾರು?"

"ಗಿರಿಜಮ್ಮನೋರು. ಗಂಡ ಹೋದಾಗಿಂದ ಅವರೇ. ಯಾರ ಕೈಗೂ ಬಿಡಲ್ಲ. ಮಗನಿಗೆ ಏನೂ ಆಗ್ಬಾರ್ದು ಅಂತ ಆ ಸಾಮಾನಿಗೆ ಎಷ್ಟು ಸಲ ಎಣ್ಣೆ ಸವರ್ತಾರೆ ಅಂದ್ರೆ, ನಾನೇ ಕೂತು ನೋಡಿದೀನಿ ಮಾರಾಯ್ತಿ. ಬೇಡ ಅಮ್ಮಾ ಅಂದ್ರೆ, ದೇವರಿಗೆ ಸಾಕು ಅನ್ಬಾರ್ದು ಆಚಾರ್ರೇ ಅನ್ನೋರು."

ಹೋಟೆಲಿನ ರೇಡಿಯೋ ಏನೋ ಹೇಳುತ್ತಿತ್ತು. ಅಪ್ಪ ಬೆರಳನ್ನು ಪಂಚೆಗೆ ಒರೆಸಿಕೊಂಡರು.

"ಸ್ಪ್ರಿಂಗ್ ಸೋತಿತ್ತು ಅಂತ ಬರಿ."

"ಎಂತ ಅಪ್ಪ ನೀವು?"

"ಊರೆಲ್ಲ ಹಾಗೇ ಅಂದ್ಕೊಂಡಿದೆ. ಹೊಸದಾಗಿ ಯಾರಿಗೂ ನೋವಿಲ್ಲ. ನನ್ನ ಕೈ ಸೋತಿರೋದು ಸುಳ್ಳಾ? ನೋಡು." ಕೈ ಚಾಚಿ ತೋರಿಸಿದರು. ನಡುಗುತ್ತಿತ್ತು. "ಹೆತ್ತೋಳಿಗೆ ಹೋಗಿ, ನಿಮ್ಮ ಪೂಜೆ ಎಣ್ಣೆಯಿಂದ ಹಿಂಗಾಯ್ತು ಅಂತ ಹೇಳೋಕಾಗುತ್ತಾ? ಆ ಜೀವ ಉಳಿಯುತ್ತಾ?"

"ಸುಳ್ಳು ಬರೆಯೋಕೆ ನಾನು ಓದಿದ್ದಲ್ಲ."

"ಓದಿಸಿದ್ದು ನಾನು" ಅಂದರು ಅಪ್ಪ. ಜೋರಾಗಿ ಅನ್ನಲಿಲ್ಲ.

ಬಿಸಿಲು ಹೊಸ್ತಿಲು ದಾಟಿ ಮೇಜಿನ ಕಾಲಿಗೆ ಬಂತು. ಬಿಚ್ಚಿಟ್ಟ ರಿವಾಲ್ವರಿನ ಹೊಟ್ಟೆಯಲ್ಲಿ ಆ ಕೇಸರಿ ಮುದ್ದೆ ಅಂಚಿನಲ್ಲಿ ಕರಗಲು ಶುರುವಾಯಿತು. ಇನ್ನೊಂದು ಗಳಿಗೆಗೆ ಏನೂ ಆಗೇ ಇಲ್ಲವೇನೋ ಅನ್ನುವಂತಾಗುತ್ತದೆ.

"ಎಣ್ಣೆ ಸರಿ ಇದ್ದು ಗುಂಡು ಹಾರಿದ್ರೂ ಆನೆ ನಿಲ್ತಿತ್ತಾ ಅಪ್ಪ?" ಅಂತ ಕೇಳಿದೆ.

"ಗೊತ್ತಿಲ್ಲ. ಒಂದೊಂದು ಹೆದರುತ್ತೆ, ಒಂದೊಂದಕ್ಕೆ ಇನ್ನೂ ಸಿಟ್ಟು ಬರುತ್ತೆ." ಸ್ವಲ್ಪ ತಡೆದು ಅಂದರು, "ಅದನ್ನ ಬರೆಯೋಕೆ ನಿನ್ನ ಸರ್ಟಿಫಿಕೇಟಲ್ಲಿ ಜಾಗ ಇದೆಯಾ?"

ಇರಲಿಲ್ಲ. ಕಡೆಗೆ ನಾನು ಕಂಡದ್ದನ್ನೇ ಬರೆದೆ. ಸ್ಪ್ರಿಂಗ್ ಸುಸ್ಥಿತಿಯಲ್ಲಿದೆ. ಒಳಭಾಗದಲ್ಲಿ ಎಣ್ಣೆ ಇದ್ದು, ಚಳಿಯಲ್ಲಿ ಅದು ಹೆಪ್ಪುಗಟ್ಟುವುದರಿಂದ ಕುದುರೆಯ ಏಟು ಸಾಲುವುದಿಲ್ಲ. ಬಿಸಿಯಲ್ಲಿ ಈ ದೋಷ ಕಾಣುವುದಿಲ್ಲ. ಎಣ್ಣೆ ಎಂಥದ್ದು, ಎಲ್ಲಿಂದ ಬಂತು ಅಂತ ಬರೆಯಲಿಲ್ಲ. ಕೆಳಗೆ ನನ್ನ ಹೆಸರು, ಪಕ್ಕದಲ್ಲಿ ಬಿ.ಇ. ಆ ಎರಡು ಅಕ್ಷರವನ್ನು ಅಂಗಡಿಯ ಕಾಗದದ ಮೇಲೆ ಬರೆದದ್ದು ಅದೇ ಮೊದಲು. ಆ ದಿನವನ್ನು ನಾನು ಬಹಳ ವರ್ಷಗಳಿಂದ ಬೇರೆ ಥರ ಊಹಿಸಿಕೊಂಡಿದ್ದೆ. ಅಪ್ಪ ಓದಿ ನೋಡಿ ರಬ್ಬರ್ ಸ್ಟಾಂಪು ಒತ್ತಿದರು. ಅಚ್ಚು ಎರಡೆರಡಾಗಿ ಬಿತ್ತು.

ಚಂದ್ರಣ್ಣನ ಮನೆಗೆ ವಾಸು ಮಾವನ ಜೀಪಿನಲ್ಲಿ ಹೋದೆವು. ದಾರಿಯುದ್ದಕ್ಕೂ ಮಾವ ಯಾವ ಭವಿಷ್ಯವನ್ನೂ ಹೇಳಲಿಲ್ಲ. ಎಸ್ಟೇಟಿನ ಗೇಟು ಬಂದಾಗ ಅಪ್ಪ, "ನಾನು ಇಲ್ಲೇ ಇರ್ತೀನಿ" ಅಂದರು. ಒತ್ತಾಯ ಮಾಡಲಿಲ್ಲ.

ಅಂಗಳದಲ್ಲಿ ಹಣ್ಣಿನ ಸಿಪ್ಪೆ ತೆಗೆದು ಒಣಗಲು ಹಾಕಿದ ಪಾರ್ಚ್‌ಮೆಂಟ್ ಕಾಫಿ ಹರಡಿತ್ತು. ಒಬ್ಬ ಆಳು ಕಾಲಲ್ಲಿ ಸಾಲು ಎಳೆಯುತ್ತಿದ್ದ. ಗಿರಿಜಮ್ಮನವರು ಜಗಲಿಯ ಬಿಸಿಲಿನಲ್ಲಿ ಚಾಪೆ ಹಾಕಿಕೊಂಡು ಕೂತಿದ್ದರು. ಕೂದಲು ಬಿಚ್ಚಿತ್ತು. ಪಕ್ಕದಲ್ಲಿ ಬಾಚಣಿಗೆ, ಬಿಸಿಲಿಗಿಟ್ಟ ಎಣ್ಣೆ ಬಾಟಲಿ. ಮೇಲೆ ತಿಳಿಯಾಗಿ, ಅಡಿಯಲ್ಲಿ ಇನ್ನೂ ಬೆಳ್ಳಗಿತ್ತು. ನಾನು ಅದನ್ನು ನೋಡಬಾರದು ಅಂದುಕೊಂಡೆ, ಮತ್ತೆ ಮತ್ತೆ ಅಲ್ಲಿಗೇ ಕಣ್ಣು ಹೋಯಿತು.

"ಬಾ ಮಗಳೇ. ಕೂತ್ಕೋ. ನಿಮ್ಮಪ್ಪ ಬರ್ಲಿಲ್ವಾ?"

"ಗೇಟಲ್ಲಿದಾರೆ ಅಮ್ಮ."

"ಹೂಂ" ಅಂದರು.

ಪ್ರಸನ್ನ ಒಳಗಿಂದ ಬಂದ. ಸರ್ಟಿಫಿಕೇಟ್ ಕೊಟ್ಟೆ. ನಿಂತುಕೊಂಡೇ ಓದಿದ. ಇನ್ನೊಮ್ಮೆ ಓದಿದ. ಕಣ್ಣು ಕಾಗದದಿಂದ ಎದ್ದು ದೇವರ ಕೋಣೆಯ ಬಾಗಿಲಿಗೆ ಹೋಯಿತು, ಅಲ್ಲಿಂದ ತಾಯಿಯ ಕಡೆಗೆ ಬಂತು, ತಕ್ಷಣ ಅಂಗಳದ ಕಾಫಿಯ ಮೇಲೆ ಬಿತ್ತು. ಅವನಿಗೆ ತಿಳಿಯಿತು ಅಂತ ನನಗೆ ತಿಳಿಯಿತು.

"ಏನಂತೆ ಪ್ರಸನ್ನ?"

"ಏನಿಲ್ಲ ಅಮ್ಮ. ಚಳಿ ಅಂತೆ. ಚಳಿಗೆ ಹಂಗಾಗುತ್ತಂತೆ."

"ಚಳೀಗೆ ಏನು ಹಂಗಾಗುತ್ತೆ?"

ಅವನು ಕಾಗದ ಮಡಿಸಿ ಜೇಬಿಗೆ ಇಡಲು ಹೋದ. ಗಿರಿಜಮ್ಮನವರು ಕೈ ಚಾಚಿದರು. ಕೊಡದೆ ವಿಧಿಯಿರಲಿಲ್ಲ. ಕನ್ನಡಕ ಇರಲಿಲ್ಲ, ಆದ್ದರಿಂದ ಓದಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಅದರ ಮೇಲೆ ಅಂಗೈ ಸವರಿದರು. ಆಮೇಲೆ ಎಣ್ಣೆ ಬಾಟಲಿ ಎತ್ತಿ, ಬೆಳಕಿಗೆ ಹಿಡಿದು, ಒಮ್ಮೆ ಓರೆ ಮಾಡಿದರು. ಅಡಿಯ ಬಿಳಿ ಗಡ್ಡೆ ಜಾರಲಿಲ್ಲ.

"ದಿನಾ ಬೆಳಿಗ್ಗೆ ಇದನ್ನ ಬಿಸಿಲಿಗೆ ಇಡೋಳು ನಾನೇ ಕಣೋ" ಅಂದರು ಮಗನಿಗೆ. "ಅವನು ಹೋದ ಮಾರನೇ ದಿನಾನೂ ಇಟ್ಟೆ. ಇಡೋವಾಗ್ಲೇ ನಂಗೆ ಗೊತ್ತಾಯ್ತು."

ಪ್ರಸನ್ನ ಕಂಬಕ್ಕೆ ಒರಗಿ ನಿಂತ. ಗಿರಿಜಮ್ಮನವರು ಕಾಗದವನ್ನು ನನ್ನ ಕೈಗೆ ವಾಪಸ್ ಕೊಟ್ಟರು.

"ಆಚಾರ್ರದೇನೂ ತಪ್ಪಿಲ್ಲ ಅಂತ ಇದ್ರಲ್ಲಿ ಬರ್ದಿದೀಯಾ?"

"ಸ್ಪ್ರಿಂಗ್ ಸುಸ್ಥಿತಿಯಲ್ಲಿದೆ ಅಂತ ಬರ್ದಿದೀನಿ ಅಮ್ಮ."

"ಹಂಗಂದ್ರೆ ಸಂತೇಲಿ ಯಾರಿಗೆ ಅರ್ಥ ಆಗುತ್ತೆ? ಆಚಾರ್ರದೇನೂ ತಪ್ಪಿಲ್ಲ ಅಂತ ಬಿಡಿಸಿ ಬರಿ. ಪ್ರಸನ್ನ, ನೀನು ಗೇಟಿಗೆ ಹೋಗಿ ಅವ್ರನ್ನ ಕರ್ಕೊಂಡು ಬಾ." ಕೂದಲನ್ನು ಒಂದು ಕೈಯಲ್ಲಿ ಹಿಂದಕ್ಕೆ ಸರಿಸಿ, ಎಣ್ಣೆ ಹಾಕದೆ ಹಾಗೇ ಗಂಟು ಕಟ್ಟಿಕೊಂಡರು. "ಆಮೇಲೆ ಅದರ ಕೆಳಗೆ, ಎಣ್ಣೆ ಯಾರ ಕೈದು ಅಂತಾನೂ ಬರಿ ಮಗಳೇ."